ಟೊಮೇಟೊ ಗಿಡಕ್ಕೊಂದು ಆಸರೆ

ಆರಿನ್ನನ ಕಾರ್ಯಾಗಾರದ ಹಿಂದೆ ಟೊಮೇಟೊ ಮಡಿ. ಗಿಡಗಳಿಗೆ ಆಸರೆಯಾಗಿ ನಿಂತಿದ್ದವು ರೈಫಲ್ ನಳಿಗೆಗಳು, ಅವನ ಲೇತ್ ಯಂತ್ರದಿಂದ ಬಂದು ಗುರಿಗೆ ಒಗ್ಗದವು. ಮೊಂಟಾನಾದ ಆ ಕಣಿವೆಯಲ್ಲಿ ನಳಿಗೆ ಮಾಡುವವನ ಕಸುಬನ್ನು ಹಿತ್ತಿಲು ನೋಡಿಯೇ ಅಳೆಯುತ್ತಾರೆ. ಕಣ್ಣಿನ ಆಪರೇಷನ್ ಆದಮೇಲೆ ಆರಿನ್ ಮಾಡಿದ ಎರಡು ನಳಿಗೆಗಳೂ ಕೊಂಡವರಿಂದ ವಾಪಸ್ ಬಂದು ಅಲ್ಲಿಗೇ ಸೇರಿದ್ದವು. ಮೂರನೆಯದು ಹೆಂಡತಿಯ ತಂಗಿ ವರ್ನಾಳಿಗೆಂದು ಮಾಡಿದ್ದು.

"ಇದೂ ಟೊಮೇಟೊ ಪಾಲಾದ್ರೆ ಲೇತ್ ಮಾರ್ತೀನಿ," ಎಂದಿದ್ದ. ಲೇತ್ ಕೊಳ್ಳುವವನು ಇವತ್ತು ಸಂಜೆ ಬರುವವನಿದ್ದ.

ವಾರದಿಂದ ದಿನಾ ಮಾಡುತ್ತಿದ್ದಂತೆ ವರ್ನಾ ಇವತ್ತೂ ಬೆಳಗಿನಿಂದ ಹಿತ್ತಿಲ ಮೇಜಿಗೆ ರೈಫಲ್ ಊರಿ ಎದುರಿನ ಗುಡ್ಡದ ಬುಡಕ್ಕೆ ಹೊಡೆಯುತ್ತಿದ್ದಳು. ಒಂದು ಗುಂಡು, ಆಮೇಲೆ ಉದ್ದನೆಯ ಸರಳಿಗೆ ಬಟ್ಟೆ ಸಿಕ್ಕಿಸಿ ನಳಿಗೆಯೊಳಗೆಲ್ಲ ಒರೆಸು. ಹೊಸ ನಳಿಗೆಯನ್ನು ಪಳಗಿಸುವುದೇ ಹಾಗೆ. ನೋಡುವ ಧೈರ್ಯವಿಲ್ಲದೆ ಆರಿನ್ ಕಪ್ಪು ಕನ್ನಡಕ ಏರಿಸಿ ಒಳಗೇ ಕುಳಿತಿದ್ದ.

ಗುರಿಯ ಕಾಗದವನ್ನು ಕೊನೆಗೆ ಅವಳೇ ತಂದು ತೋರಿಸಿದಳು. ತೂತುಗಳು ಅಂಗೈಯಗಲ ಚೆದುರಿದ್ದವು.

"ಜಲ್ಲಿ ಎರಚಿದ ಹಾಗಿದೆ," ಎಂದ ಆರಿನ್.

"ನನ್ನ ಕೈನೇ ನಡುಗ್ತೋ ಏನೋ."

"ಸುಳ್ಳು ಹೇಳ್ಬೇಡ ಹುಡುಗಿ, ನಿನಗೆ ಬರಲ್ಲ." ಐವತ್ತು ದಾಟಿದವಳನ್ನೂ ಅವನು ಹುಡುಗಿ ಎಂದೇ ಕರೆಯುತ್ತಿದ್ದ. ಅಂಗೈಯಿಂದ ಲೇತಿನ ಮೇಲಿನ ಲೋಹದ ಪುಡಿ ಸವರಿದ.

ಅಷ್ಟರಲ್ಲಿ ಹಿತ್ತಿಲಿನಿಂದ ಅವನ ಹೆಂಡತಿ ಐಡೆಲ್ ಕೂಗಿದಳು. "ಊಟ ಆರ್ತಿದೆ! ಇಬ್ರೂ ಬರ್ತೀರೋ, ನಾಯಿಗೆ ಹಾಕ್ಲೋ?"

"ನಳಿಗೆ ಒರೆಸಿ ಬರ್ತೀನಿ ಅಕ್ಕಾ. ಸರಳೆಲ್ಲಿ?" ಎನ್ನುತ್ತ ವರ್ನಾ ಹೊರಗೆ ಬಂದಳು.

ಐಡೆಲ್ ಗಲ್ಲದಿಂದಲೇ ತೋರಿಸಿದಳು. ಹಣ್ಣಿನ ಭಾರಕ್ಕೆ ಒರಗಿದ್ದ ಗಿಡವೊಂದು ಈಗ ನೆಟ್ಟಗೆ ನಿಂತಿತ್ತು. ಪಕ್ಕದಲ್ಲಿ ವರ್ನಾಳ ಸರಳು ಮಣ್ಣಿಗಿಳಿದಿತ್ತು, ಹಳೇ ಕಾಲುಚೀಲದಿಂದ ಬಿಗಿದು ಕಟ್ಟಿಯೂ ಆಗಿತ್ತು.

"ಅಯ್ಯೋ ರಾಕ್ಷಸಿ! ಅದಕ್ಕೆ ಒಂದು ಧೂಳಿನ ಕಣ ತಾಗ್ಬಾರ್ದು!"

"ಗಿಡ ಬಿದ್ದಿತ್ತು, ಕೋಲು ಖಾಲಿ ಇತ್ತು."

ಒರೆಸದ ನಳಿಗೆ ಬಿಟ್ಟು ಊಟಕ್ಕೆ ಕೂತದ್ದು ವರ್ನಾ ಜೀವನದಲ್ಲಿ ಅದೇ ಮೊದಲು. ಕಾಡುಚೆರ್ರಿ ಪೈ ಕೂಡ ಗಂಟಲಿಗಿಳಿಯಲಿಲ್ಲ. ಎದ್ದವಳೇ ಸಿಟ್ಟಿನಲ್ಲಿ ಹೊಸ ಕಾಗದ ಅಂಟಿಸಿ, ಹಾಗೇ ಕೊಳೆಯಾಗಿದ್ದ ನಳಿಗೆಯಿಂದ ಒಂದರ ಹಿಂದೊಂದು ಗುಂಡು ಹಾರಿಸಿದಳು.

ಮೊದಲೆರಡು ಅತ್ತಿತ್ತ ಬಿದ್ದವು. ಮೂರನೆಯದು ಬಿದ್ದ ಮೇಲೆ ಕಾಗದದಲ್ಲಿ ಹೊಸ ತೂತು ಬೀಳಲೇ ಇಲ್ಲ, ಉಳಿದವೂ ಅಲ್ಲೇ ಹಾಯ್ದು ಅದೇ ತೂತು ಅಂಚು ಹರಿದು ಸ್ವಲ್ಪ ಅಗಲವಾಯಿತು.

"ಆರಿನ್!"

ಅವನು ಹೊರಗೆ ಬಂದು ಕನ್ನಡಕ ತೆಗೆದು ಕಾಗದವನ್ನು ಮೂಗಿನ ಹತ್ತಿರ ಹಿಡಿದ. ತೂತನ್ನು ಬೆರಳಿನಿಂದ ತಡವಿದ.

"ಇಷ್ಟು ದಿನ ಪ್ರತಿ ಗುಂಡಿಗೂ ಒರೆಸ್ತಿದ್ಯಾ?"

"ನೀನೇ ಹೇಳಿದ್ದಲ್ವಾ!"

"ಮೊದಲ ದಿನಕ್ಕೆ ಹೇಳಿದ್ದು ಕಣೇ. ಒಳಗೆ ಒಂದಿಷ್ಟು ಮದ್ದಿನ ಮಸಿ ಕೂತ್ರೆ ತಾನೆ ಅದು ಹದಕ್ಕೆ ಬರೋದು. ಉಜ್ಜೀ ಉಜ್ಜೀ ದಿನಾ ಮೊದಲಿಂದ ಶುರು ಮಾಡ್ಸಿದ್ದೀಯ!" ಅವನು ತಟ್ಟನೆ ಮಡಿಯ ಕಡೆ ತಿರುಗಿದ. "ಆ ಎರಡನ್ನ ಕೊಂಡು ವಾಪಸ್ ಕೊಟ್ಟವರೂ ನಿನ್ನ ಶೂಟಿಂಗ್ ಕ್ಲಬ್ಬಿನವರೇ ಅಲ್ವಾ?"

"ಅವರು ನನಗಿಂತ ಜಾಸ್ತಿ ಉಜ್ತಾರೆ," ಎಂದಳು ವರ್ನಾ.

ಆರಿನ್ ಆ ಎರಡು ನಳಿಗೆಗಳಿಂದ ಗಿಡಗಳ ಕಟ್ಟು ಬಿಚ್ಚತೊಡಗಿದ. "ಮತ್ತೆ ಲೇತ್ ನೋಡೋಕೆ ಬರೋನಿಗೆ ಏನ್ ಹೇಳ್ಲಿ?" ಎಂದು ಐಡೆಲ್ ಕೇಳಿದಳು.

"ಪೈ ತಿನ್ನಿಸಿ ಕಳ್ಸು."

ವರ್ನಾ ತನ್ನ ಸರಳಿನ ಕಡೆ ನೋಡಿದಳು. ಹಣ್ಣು ಅದಕ್ಕೆ ಒರಗಿ ಚೆನ್ನಾಗಿಯೇ ಕೆಂಪಾಗುತ್ತಿತ್ತು. ಅವಳು ಕಾಲುಚೀಲದ ಗಂಟನ್ನು ಇನ್ನಷ್ಟು ಬಿಗಿದು, ಉಳಿದಿದ್ದ ಪೈ ಕೇಳಿಕೊಂಡು ಒಳಗೆ ಹೋದಳು.