ಕಂಬಕ್ಕೇರಿದ ಬಟ್ಟಲು

"ಏ ಮುದುಕಿ, ಬಟ್ಲಾ ಕೆಳಗ ಇಡ! ಕೈಯಾಗ ಹಿಡ್ಕೊಂಡು ನಿಂತೀಯಲ್ಲ, ನಿನ್ನ ಹೆಣಾ ಎತ್ಲಿ, ಕಿಟ್ಲಿಗೆ ತಾಗೀತು!"

ಹುಲಿಗೆವ್ವ ತನ್ನ ತಗಡಿನ ಬಟ್ಟಲನ್ನು ಪಾವಟಿಗೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ಕಾಲೇಜಿನ ಸಿಪಾಯಿ ಹಣಮಂತ್ರಾಯ ಮೊಳದೆತ್ತರದಿಂದ ಕೆಟಲಿನ ಚಹಾ ಸುರಿದ. ಅರ್ಧ ಬಟ್ಟಲಿಗೆ, ಅರ್ಧ ಮೆಟ್ಟಿಲ ಕಲ್ಲಿಗೆ.

ಸಿಂದಗಿಯ ಆ ಕಾಲೇಜಿನಲ್ಲಿ ಅವಳು ಕಸ ಹೊಡೆಯತೊಡಗಿ ಹನ್ನೊಂದು ವರ್ಷ. ಮಾಸ್ತರರ ಕಪ್ಪುಗಳು ಒಳಗೆ ಮೊಳೆಗಳಿಗೆ ತೂಗುತ್ತಿದ್ದವು. ಅವಳ ಬಟ್ಟಲು ಸಂಡಾಸಿನ ಗೋಡೆಯ ಮೇಲೆ ಬೋರಲು ಬಿದ್ದಿರುತ್ತಿತ್ತು. ಅದನ್ನು ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಅವಳನ್ನೂ ಅಷ್ಟೇ. ಗಂಡ ಸತ್ತ ಮೇಲೆ ಅವಳ ಹೆಗಲ ಮೇಲೆ ಯಾರದೂ ಕೈ ಬಿದ್ದದ್ದಿಲ್ಲ.

ತರಗತಿಯಲ್ಲಿ ಕಿಟಕಿಯ ಪಕ್ಕ ಕೂಡುವ ಸಗೀರಾ ಎಂಬ ಹುಡುಗಿ ಮಾತ್ರ ದಿನಾ ಕೇಳುತ್ತಿದ್ದಳು: "ಉಂಡಿಯೇನ ಆಯಿ?" ಆ ಒಂದು ಮಾತಿನ ಆಸೆಗೆ ಹುಲಿಗೆವ್ವ ಆ ಕಿಟಕಿಯ ಕೆಳಗೆ ಎರಡೆರಡು ಸಲ ಗುಡಿಸುತ್ತಿದ್ದಳು.

ಅಂದು ಒಳಗೆ ನಾರಾಯಣ ಸರ್ ಇತಿಹಾಸದ ಪಾಠ ಮಾಡುತ್ತಿದ್ದರು. ಚೆಕ್ ನಾಡಿನ ಯಾನ್ ಹುಸ್ ಎಂಬ ಪಾದ್ರಿಯ ಕಥೆ. ಜನರ ಮಾತಿನಲ್ಲೇ ಧರ್ಮ ಹೇಳಿದವನು, ದೊಡ್ಡ ಗುರುಗಳ ತಪ್ಪು ಎತ್ತಿ ಆಡಿದವನು. ಆಡಿದ್ದನ್ನು ಹಿಂದಕ್ಕೆ ತಗೋ ಎಂದರೆ ತಗೊಳ್ಳಲಿಲ್ಲ. ಕಂಬಕ್ಕೆ ಕಟ್ಟಿ ಸುಟ್ಟರು, ಬೂದಿಯನ್ನೂ ಹೊಳೆಗೆ ಚೆಲ್ಲಿದರು.

"ಆಗ ಅವರ ಗುಡಿಯೊಳಗ ಪ್ರಸಾದದ ದ್ರಾಕ್ಷಾರಸದ ಬಟ್ಟಲಾ ಪಾದ್ರಿಗಳಿಗಷ್ಟss. ಜನಕ್ಕ ಬರೇ ರೊಟ್ಟಿ ತುಣುಕು. ಹುಸ್ ಸತ್ತ ಮ್ಯಾಲ ಅವನ ಮಂದಿ ಎದ್ದು, ನಮಗೂ ಬಟ್ಟಲಾ ಬೇಕು ಅಂದ್ರು. ಬಾವುಟದ ಮ್ಯಾಲss ಬಟ್ಟಲಾ ಬರದು ಏರಿಸಿದ್ರು!" ಸರ್ ದನಿ ಏರಿತು. ಹೊರಗೆ ಕಸಬರಿಗೆ ನಿಂತಿತು.

ಪಾಠ ಮುಗಿದ ಮೇಲೆ ಅವಳು ಮಾಸ್ತರರ ಕೋಣೆಯ ಬಾಗಿಲಿಗೆ ಬಂದಳು. "ಸರ್ರ, ನನ್ನ ಬಟ್ಲಾನೂ ಒಳಗ ಒಂದ್ ಮೊಳಿಗಿ ಹಾಕಲೇನ್ರಿ?"

ನಾರಾಯಣ ಸರ್ ಕಪ್ಪು ಕೆಳಗಿಟ್ಟರು. ಕೆಟ್ಟವರಲ್ಲ, ದನಿ ಮೆತ್ತಗೇ ಇತ್ತು. "ಅದು ಆರ್ನೂರು ವರ್ಷದ ಹಿಂದಿನ ಮಾತವಾ, ಬ್ಯಾರೆ ದೇಶದ್ದು. ನನಗೇನಿಲ್ಲ. ಉಳದವ್ರು ಒಪ್ಪಬೇಕಲ್ಲ?"

"ಇವತ್ತ ಮೊಳಿ, ನಾಳಿಗಿ ಖುರ್ಚಿ ಕೇಳ್ತಾಳ್ರಿ," ಎಂದ ಚಹಾ ಹಂಚುತ್ತಿದ್ದ ಹಣಮಂತ್ರಾಯ. "ನಡೀಯss ಹೊರಗ!" ಕೋಣೆಯಲ್ಲಿದ್ದ ಮಾಸ್ತರರೆಲ್ಲ ನಕ್ಕರು.

ಮರುದಿನ ಪ್ರಾರ್ಥನೆಯ ಗಂಟೆ ಹೊಡೆದಾಗ ಬರಿದಾಗಿರಬೇಕಿದ್ದ ಧ್ವಜಗಂಬದ ತುದಿಯಲ್ಲಿ ತಗಡಿನ ಬಟ್ಟಲು ತೂಗುತ್ತಿತ್ತು. ಗಾಳಿಗೆ ಕಂಬಕ್ಕೆ ಬಡಿದು ಠಣ್ ಎನ್ನುತ್ತಿತ್ತು. ಬುಡದಲ್ಲಿ ಹುಲಿಗೆವ್ವ ಒಬ್ಬಳೇ ನಿಂತಿದ್ದಳು.

"ಇಳಸೋ ಅದನ್ನ!" ಪ್ರಿನ್ಸಿಪಾಲರು ಕೂಗಿದರು. ಹಣಮಂತ್ರಾಯ ಹಗ್ಗ ಸಡಿಲಿಸುತ್ತ ಬಂದ. ಬಟ್ಟಲು ಅವನೆದೆಯ ತನಕ ಇಳಿದು ನಿಂತಿತು.

"ನಾ ಹ್ಯಾಂಗ ಬಿಚ್ಚಲ್ರಿ ಸಾಹೇಬ್ರ? ಅಕೀ ಎಂಜಲದ್ರಿ ಇದು."

ಪ್ರಿನ್ಸಿಪಾಲರು ಹುಲಿಗೆವ್ವನತ್ತ ತಿರುಗಿದರು. "ಏ, ನೀನss ಬಿಚ್ಚ! ಇಲ್ಲಂದ್ರ ಇವತ್ತಿಗೇ ನಿನ್ನ ಕೆಲಸಾ ಹೋತು."

"ಹೋಗ್ಲಿ ಬಿಡ್ರಿ. ಕಟ್ಟಿದ ಕೈ ನಂದು. ಬಿಚ್ಚೋ ಕೈ ನಿಮ್ದಾಗ್ಲಿ."

ಅವಳು ನಾರಾಯಣ ಸರ್ ಕಡೆ ನೋಡಿದಳು. ಅವರು ತಮ್ಮ ಚಪ್ಪಲಿ ನೋಡಿಕೊಂಡರು. ಸಾಲಿನಿಂದ ಸಗೀರಾ ಒಂದು ಹೆಜ್ಜೆ ಮುಂದಿಟ್ಟಳು; ಹಿಂದಿನವಳು ಅವಳ ಓಢಣಿ ಹಿಡಿದೆಳೆದಳು.

ಗಾಳಿ ಬೀಸಿತು. ಬಟ್ಟಲು ಹಣಮಂತ್ರಾಯನ ಮುಖದತ್ತ ತೂಗಿ ಬಂತು. ತಾಗೀತೆಂದು ಹೆದರಿ ಅವನು ಹಗ್ಗ ಜಗ್ಗಿದ.

ಎಲ್ಲರೂ ನೋಡುತ್ತಿದ್ದಂತೆ ಬಟ್ಟಲು ಮತ್ತೆ ಮೇಲೇರಿತು.