ಎರಡು ತಲೆಯ ಕೇಬಲ್

ಸ್ಟುಡಿಯೋ ಹೆಸರಿಗೆ ಮೈದುನನದು. ನಡೆಯುತ್ತಿದ್ದುದು ಹಿಂದಿನ ಕೋಣೆಯಲ್ಲಿ ಕೂತ ಅತ್ತಿಗೆಯಿಂದ. ಇವನು ಕ್ಯಾಮೆರಾ ಹೆಗಲಿಗೇರಿಸಿ ಮದುವೆಮನೆಗಳಲ್ಲಿ ಮೆರೆದು ಬರುತ್ತಿದ್ದ. ತಂದ ಎಡವಟ್ಟನ್ನೆಲ್ಲ ಆಕೆ ಕತ್ತರಿಸಿ, ಜೋಡಿಸಿ, ನೋಡುವಂತೆ ಮಾಡುತ್ತಿದ್ದಳು. ಹೊಗಳಿಕೆ ಮಾತ್ರ ಈ ಪುಣ್ಯಾತ್ಮನ ಪಾಲಿಗೆ.

ಹೀಗಿರುವಾಗ ಸಿನಿಮಾ ಸಂಕಲನ ಮಾಡುವ ಕಚೇರಿಯೊಂದು ಆಕೆಯನ್ನು ಕರೆಯಿತು. ಮಾಡಿದ ಕೆಲಸ ತಂದು ತೋರಿಸಬೇಕು, ಹಿಡಿಸಿದರೆ ನೌಕರಿ. ಅಷ್ಟೂ ವರ್ಷದ ಕೆಲಸ ಇದ್ದದ್ದು ಒಂದೇ ಹಾರ್ಡ್ ಡಿಸ್ಕಿನಲ್ಲಿ. ಹಳೆಯ ಡಿಸ್ಕು, ಲ್ಯಾಪ್‌ಟಾಪಿನ ಒಂದು ಯುಎಸ್‌ಬಿ ಕಿಂಡಿ ಕೊಡುವ ಕರೆಂಟು ಅದಕ್ಕೆ ಸಾಲದು. ಅದಕ್ಕೆಂದೇ ಇವನ ತೀರಿಕೊಂಡ ಅಣ್ಣ, ಆಕೆಯ ಗಂಡ, ಎರಡು ತಲೆಯ ಕೇಬಲ್ಲೊಂದನ್ನು ತಾನೇ ಬೆಸುಗೆ ಹಾಕಿ ಮಾಡಿಟ್ಟಿದ್ದ. ಕಪ್ಪು ತಲೆ ಒಂದು ಕಿಂಡಿಗೆ, ಕೆಂಪು ತಲೆ ಪಕ್ಕದ ಕಿಂಡಿಗೆ. ಕೆಂಪಿನದು ಹೆಚ್ಚುವರಿ ಕರೆಂಟು ಎಳೆಯುವ ಕೆಲಸ ಮಾತ್ರ.

ಆಕೆ ಹೋದರೆ ಸ್ಟುಡಿಯೋಗೆ ಬೀಗವೇ. "ಹೋಗಬೇಡಿ ಅತ್ತಿಗೆ" ಎಂದು ಬಾಯಿಬಿಟ್ಟು ಕೇಳಬಹುದಿತ್ತು. ಜಂಬ ಬಿಡಬೇಕಲ್ಲ! ಆಕೆ ಊಟಕ್ಕೆ ಎದ್ದಾಗ ಕೆಂಪು ತಲೆಯ ಕವಚ ಬಿಚ್ಚಿ, ಒಳಗಿನ ತಂತಿ ಕತ್ತರಿಸಿ, ಅಂಟು ಹಾಕಿ ಮುಚ್ಚಿದ. ಏನೂ ಆಗದವನಂತೆ ಕೇಬಲ್ಲನ್ನು ಇದ್ದ ಜಾಗದಲ್ಲೇ ಸುತ್ತಿಟ್ಟ, ಪಾಪಿ.

"ಎರಡೂ ತಲೆ ಸರಿಯಾಗಿ ಹಾಕಿ ಅತ್ತಿಗೆ, ಒಳ್ಳೇದಾಗ್ಲಿ" ಎಂದು ಬಾಗಿಲವರೆಗೆ ಬಂದು ಕಳಿಸಿದ.

ಸಂಜೆ ಆಕೆ ಬಂದು ಚಪ್ಪಲಿ ಬಿಡುವುದನ್ನೂ ಮರೆತು ಕುರ್ಚಿಯಲ್ಲಿ ಕುಸಿದಳು.

"ಡಿಸ್ಕು ಟಿಕ್ ಟಿಕ್ ಅಂತು, ತೆರ್ಕೊಳ್ಳಲೇ ಇಲ್ಲ. ಆಫೀಸಿನವರು ಕಿತ್ತು ಕಿತ್ತು ಹಾಕಿದ್ರು. ಕೊನೆಗೆ ಕರಕರ ಅಂತು. ಎಲ್ಲಾ ಹೋಯ್ತು ಕಣಪ್ಪಾ."

ಡಿಸ್ಕು ಸಾಯಲಿ ಎಂದು ಇವನು ಬಯಸಿರಲಿಲ್ಲ. ಆದರೂ ಒಳಗೊಳಗೇ ಹಾಯೆನಿಸಿತು.

"ಕೇಬಲ್ಲಿಂದೇನಾದ್ರೂ ತೊಂದ್ರೆ..." ಎಂದು ಹುಷಾರಾಗಿ ಕೆದಕಿದ.

"ಛೇ! ನಿನ್ನ ಅಣ್ಣ ಕೈಯಾರೆ ಮಾಡಿದ್ದು, ಒಂದು ದಿನಾನೂ ಕೈಕೊಟ್ಟಿಲ್ಲ. ನಾನೇ ಬಸ್ಸಲ್ಲಿ ಡಿಸ್ಕನ್ನ ಎಲ್ಲೋ ತಾಗಿಸಿರ್ಬೇಕು."

"ಹೋಗ್ಲಿ ಬಿಡಿ. ಈ ಕುರ್ಚಿ ಎಲ್ಲಿಗೂ ಹೋಗಲ್ಲ" ಅಂದ, ಮಹಾ ಉದಾರಿ.

"ನೀನೊಬ್ಬ ಇದ್ದೀಯಲ್ಲ, ಸಾಕು" ಎಂದು ಆಕೆ ಕಣ್ಣೊರೆಸಿಕೊಂಡಳು. ಆಮೇಲೆ ಏನೋ ನೆನಪಾದವಳಂತೆ ಎದ್ದು ಬೀರುವಿನಿಂದ ಇನ್ನೊಂದು ಡಿಸ್ಕು ತೆಗೆದಳು. ಅದೂ ಹಳೆಯದೇ. ಆಸ್ಪತ್ರೆಯ ಹಾಸಿಗೆಯಿಂದ ಅಣ್ಣ ಇಬ್ಬರಿಗೂ ಹೇಳಿದ ಕೊನೆಯ ಮಾತುಗಳು ಅದರಲ್ಲಿದ್ದವು. ಬೇರೆಲ್ಲೂ ಇರಲಿಲ್ಲ.

"ಇದಾದ್ರೂ ನೆಟ್ಟಗಿದೆಯಾ ನೋಡ್ಬಿಡ್ತೀನಿ. ಇದೂ ಹೋದ್ರೆ ನನಗಿನ್ನೇನಿದೆ?"

ಆಕೆ ಕಪ್ಪು ತಲೆ ಹಾಕಿದಳು, ಕೆಂಪು ತಲೆ ಹಾಕಿದಳು. ಮೈದುನ ಒಂದು ಹೆಜ್ಜೆ ಮುಂದಿಟ್ಟ. ಬೇಡ ಎನ್ನಬೇಕು. ಬೇಡ ಅಂದರೆ ಯಾಕೆ ಎಂದು ಕೇಳುತ್ತಾಳೆ. ಯಾಕೆ ಎಂದು ಹೇಳಿದರೆ ಆಕೆ ಈಗಲೇ ಮೆಟ್ಟಿಲಿಳಿದು ಹೋಗುತ್ತಾಳೆ. ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದ.

ಡಿಸ್ಕು ಟಿಕ್ ಟಿಕ್ ಎಂದಿತು. ಆಕೆ ಕಿತ್ತು ಮತ್ತೆ ಹಾಕಿದಳು. ಮತ್ತೆ ಅದೇ ಸದ್ದು.

"ನನ್ನ ಕೈಗುಣವೇ ಸರಿಯಿಲ್ಲ ಇವತ್ತು. ನೀನು ಹಾಕಪ್ಪಾ, ನಿನ್ನ ಅಣ್ಣನ ದನಿ" ಎಂದು ಕೇಬಲ್ಲನ್ನು ಅವನ ಮುಂದೆ ಹಿಡಿದಳು.

ಅವನು ತೆಗೆದುಕೊಂಡ. ಕಪ್ಪು ತಲೆ ಹಾಕಿದ. ಕೆಂಪು ತಲೆಯನ್ನೂ, ಗಟ್ಟಿಯಾಗಿ ಒತ್ತಿ, ಹಾಕಿದ. ಡಿಸ್ಕಿನೊಳಗೆ ಕರಕರ ಸದ್ದು ಶುರುವಾಯಿತು.