ನನ್ನ ಎದೆಯ ಮೇಲೆ ನಿಂತ ಜಿಮ್ಮು

ಮಹದೇವಪುರದಲ್ಲಿ ನನ್ನ ಎದೆಯಷ್ಟು ಅಗಲದ ಎದೆ ಇನ್ನೊಂದಿಲ್ಲ. ನಾನು ಓಡಿಸುವ ಕಂಪನಿ ಟೆಂಪೋದಲ್ಲಿ ಎರಡು ಸೀಟ್ ಬೆಲ್ಟ್ ಜೋಡಿಸಿ ಹೊಲಿಸಿದ್ದೇನೆ. ರಿಂಗ್ ರೋಡಿನಲ್ಲಿ ಜೋರಾಗಿ ಉಸಿರು ಬಿಟ್ಟರೆ ಮುಂದಿನ ಸ್ಕೂಟರಿನವರು ಹಾರ್ನ್ ಅಂದುಕೊಂಡು ದಾರಿ ಬಿಡುತ್ತಾರೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಂದಿ ಜ್ವರದ ವರ್ಷ ನಮ್ಮೂರಿನ ಜಿಮ್ಮು ಇಡಿಯಾಗಿ ನಿಂತದ್ದು ಈ ಎದೆಯ ಮೇಲೆ.

ಜಿಮ್ಮು ಕೃಷ್ಣನದು. ಅವನ ಅಪ್ಪ ಪಾಪಯ್ಯನವರ ಕಾಲದಲ್ಲಿ ಅದು ದನದ ಕೊಟ್ಟಿಗೆ. ದನ ಹೋದ ಮೇಲೆ ಕೃಷ್ಣ ಅಲ್ಲಿ ಬೆಂಚು, ರಾಡು, ಪ್ಲೇಟು ತಂದಿಟ್ಟು, ಗೋಡೆಗೆ ಕನ್ನಡಿ ಹೊಡೆಸಿ, ಆಂಜನೇಯನ ಪಟ ತೂಗುಹಾಕಿದ. ಕೊಟ್ಟಿಗೆಗೂ ಮನೆಯ ಅಡುಗೆಕೋಣೆಗೂ ನಡುವೆ ಒಂದು ಕಿಟಕಿ. ಹಿಂದೆ ಅದರಿಂದ ಕಲಗಚ್ಚು ಕೊಡುತ್ತಿದ್ದರು. ಈಗ ಕೃಷ್ಣನ ಹೆಂಡತಿ ಮಹಾಲಕ್ಷ್ಮಿ ಬೇಯಿಸಿದ ಮೊಟ್ಟೆ ಕೊಡುತ್ತಿದ್ದಳು. ನಾನು ಒಂದು ಸಲಕ್ಕೆ ಎಷ್ಟು ತಿನ್ನುತ್ತಿದ್ದೆ ಎಂದು ಹೇಳಿದರೆ ಊರಿನ ಕೋಳಿಗಳಿಗೆ ಬೇಜಾರಾದೀತು.

ಎರಡು ಸಾವಿರದ ಒಂಬತ್ತರ ಮಳೆಗಾಲದಲ್ಲಿ ಜ್ವರ ಬಂತು. ಟೆಕ್ ಪಾರ್ಕಿನವರು ಮಾಸ್ಕ್ ಕಟ್ಟಿದರು, ನಾವು ಕರ್ಚೀಫಿಗೆ ನೀಲಗಿರಿ ಎಣ್ಣೆ ಹಾಕಿ ಕಟ್ಟಿದೆವು. ಮಹಾಲಕ್ಷ್ಮಿ ಏಳು ತಿಂಗಳ ಬಸುರಿ. ಬಸುರಿಯರಿಗೆ ಈ ಜ್ವರ ಬಂದರೆ ಕಷ್ಟ ಎಂದು ಡಾಕ್ಟರು ಹೇಳಿದ್ದರು. ತವರಿಗೆ ಕಳಿಸೋಣವೆಂದರೆ ಅಲ್ಲಿ ಅವಳ ತಮ್ಮನೇ ಜ್ವರದಿಂದ ಮಲಗಿದ್ದ. ಕೃಷ್ಣ ಜಿಮ್ಮು ಮುಚ್ಚಿದ.

ಮೂರು ವಾರ ಕಳೆಯುವಷ್ಟರಲ್ಲಿ ಅರ್ಧ ಹುಡುಗರು ಬ್ರೂಕ್‌ಫೀಲ್ಡಿನ ಎಸಿ ಜಿಮ್ಮಿನ ಕಡೆ ನೋಡತೊಡಗಿದರು. ಇನ್ನೂ ಮುಚ್ಚಿಟ್ಟರೆ ಕೊಟ್ಟಿಗೆಗೆ ಮತ್ತೆ ದನವೇ ಗತಿ. ಕೊನೆಗೆ ಮಹಾಲಕ್ಷ್ಮಿಯೇ ಒಪ್ಪಿದಳು. ರಸ್ತೆ ಕಡೆಯ ತಗಡುಗಳನ್ನೆಲ್ಲ ಬಿಚ್ಚಿ, ಬರೀ ಜಾಲರಿ ಉಳಿಸಿ ಗಾಳಿ ಆಡುವಂತೆ ಮಾಡಬೇಕು, ಅಡುಗೆಕೋಣೆಯ ಕಿಟಕಿ ತೆಗೆಯಬಾರದು, ಬಾಗಿಲಲ್ಲಿ ಸೋಪು ಹಾಕಿ ಕೈ ತೊಳೆಯಬೇಕು, ಟವೆಲ್ಲು ಅವರವರದೇ.

"ಇನ್ನೊಂದು ಮಾತು," ಅಂದಳು. "ಒಬ್ನೇ ಒಬ್ಬ ಕೆಮ್ಮಿದ್ರೂ ಅವತ್ತೇ ಬೀಗ. ನಂಗೆ ಹೆರಿಗೆ ಆಗೋವರ್ಗೂ ತೆಗೆಯಂಗಿಲ್ಲ."

"ಆಯ್ತು ಕಣೆ," ಅಂದ ಕೃಷ್ಣ. ನಮ್ಮ ಕಡೆ ತಿರುಗಿ, "ಕೇಳಿಸ್ತಾ? ಮೂರು ವಾರ ಬಿಟ್ಟಿದ್ದೀರ, ಅರ್ಧ ತೂಕದಿಂದ ಶುರು ಮಾಡಿ. ಪಕ್ಕದಲ್ಲಿ ಯಾರೂ ನಿಂತ್ಕೊಳ್ಳಂಗಿಲ್ಲ."

ಇದು ಸಣ್ಣ ಬದಲಾವಣೆಯಲ್ಲ. ನಮ್ಮಲ್ಲಿ ಒಬ್ಬ ಬೆಂಚಿನ ಮೇಲೆ ಮಲಗಿ ರಾಡು ಎತ್ತಿದರೆ, ಇನ್ನೊಬ್ಬ ಅವನ ತಲೆಯ ಹತ್ತಿರ ನಿಂತು, ರಾಡಿನ ಕೆಳಗೆ ಕೈಯಿಟ್ಟು, "ಎತ್ತು ಗುರು, ಎತ್ತು" ಎಂದು ಮುಖದ ಮೇಲೇ ಕೂಗುವುದು ಪದ್ಧತಿ. ಆ ಕೂಗಿನ ಜೊತೆ ಬೀಳುವ ಎಂಜಲಿನಲ್ಲಿ ಒಂದು ಮಡಿ ರಾಗಿ ಬೆಳೆಯಬಹುದು.

ತೆರೆದ ಮೊದಲ ಸಂಜೆ ಎಲ್ಲರೂ ಅರ್ಧ ತೂಕ ಹಾಕಿಕೊಂಡರು. ನನ್ನ ಅರ್ಧ ಬೇರೆಯವರ ಪೂರ್ತಿಗಿಂತ ಜಾಸ್ತಿ, ಆದ್ದರಿಂದ ಪೂರ್ತಿಯನ್ನೇ ಹಾಕಿಕೊಂಡೆ. ರಾಡಿನ ಎರಡೂ ತುದಿಗೆ ಸೇರಿ ಒಂದು ಮರಿ ಆನೆಯ ತೂಕ. ಆಚೆ ಬೆಂಚಿನ ಹತ್ತಿರ ನಿಂತಿದ್ದವನು ಬಸಲಿಂಗ. ಸಿಂಧನೂರಿನ ಕಡೆಯವನು, ಹಗಲೆಲ್ಲ ಕಟ್ಟಡದಲ್ಲಿ ಕಂಬಿ ಕಟ್ಟಿ, ಸಂಜೆ ಮತ್ತೆ ಕಬ್ಬಿಣ ಎತ್ತಲು ಬರುವ ಮನುಷ್ಯ.

"ಅಣ್ಣಾ, ಭಾಳ ಆತದು. ಎರಡು ಪ್ಲೇಟ್ ತಗೀರಿ."

"ನೀನು ದೂರ ನಿಂತ್ಕೊ ಮಗಾ. ಗಾಳಿಗೆ ಬಿದ್ಬಿಟ್ಟೀಯ."

ಒಂಬತ್ತು ಸಲ ರಾಡು ಮೋಡ ಮುಟ್ಟಿ ಬಂತು. ಹತ್ತನೆಯ ಸಲ ಬಂದು ಎದೆಯ ಮೇಲೆ ಕೂತಿತು. ಮೇಲೇಳುವ ಮನಸ್ಸು ಅದಕ್ಕಿರಲಿಲ್ಲ. ಕೂಗೋಣವೆಂದರೆ ಬಾಯಿಗೆ ಕರ್ಚೀಫು, ಎದೆಯಲ್ಲಿ ಉಸಿರಿಗೆ ಜಾಗವಿಲ್ಲ. ಹೊರಗೆ ಬಂದದ್ದು ಕೆಮ್ಮು. ಒಂದು, ಎರಡು, ಆಮೇಲೆ ಸಾಲಾಗಿ.

ಬೇರೆ ಯಾವ ವರ್ಷವಾದರೂ ನಾಲ್ಕು ಜನ ಓಡಿ ಬಂದು ರಾಡು ಎತ್ತುತ್ತಿದ್ದರು. ಆ ವರ್ಷ ಓಡಿದರು, ಆದರೆ ರಸ್ತೆಯ ಕಡೆಗೆ. ಕೆಮ್ಮುವವನು ಕಂಡನೇ ಹೊರತು ಅವನ ಮೇಲಿನ ರಾಡು ಯಾರಿಗೂ ಕಾಣಲಿಲ್ಲ. ಒಬ್ಬ ಡಂಬೆಲ್ಲಿನ ಸಮೇತ ಬಸ್ಸು ಹತ್ತಿದ ಎಂದು ಆಮೇಲೆ ಕೇಳಿದೆ.

ಪಾಪಯ್ಯನವರು ಒಳಗೆ ಇಣುಕಿದರು.

"ಏನ್ಲಾ ಯಂಕ್ಟರಮಣ, ಮಲ್ಕೊಂಡೇ ಕೆಮ್ತಿದ್ದೀಯ?"

ನಾನು ಕಾಲು ಬಡಿದೆ.

"ಲೇ ಕೃಷ್ಣ, ಬಾರ್ಲಾ ಇಲ್ಲಿ. ಇವ್ನ ಮ್ಯಾಲೆ ಕಬ್ಬಿಣ ಬಿದ್ದೈತೆ."

ಅಪ್ಪ ಮಗ ಇಬ್ಬರೂ ಮೂಗು ಕಟ್ಟಿಕೊಂಡು, ಮುಖ ಅತ್ತ ತಿರುಗಿಸಿ, ಆಳಿಗೊಂದು ತುದಿ ಹಿಡಿದು ಎತ್ತಿದರು. ನಾನು ಎದ್ದು ಕುಳಿತಾಗ ಕಿಟಕಿಯ ಆಚೆಯಿಂದ ಮಹಾಲಕ್ಷ್ಮಿಯ ದನಿ ಬಂತು.

"ಕೆಮ್ಮಿದ್ದು ಯಾರು?"

"ರಾಡ್ ಬಿದ್ದಿದ್ದಕ್ಕೆ ಕೆಮ್ಮಿದ್ದು ಕಣಮ್ಮ," ಅಂದೆ.

"ಬೀಳೋಕ್ ಮುಂಚೆ ಕೆಮ್ಮಿದ್ರೋ, ಬಿದ್ಮೇಲೋ?"

ಕೃಷ್ಣ ಬಸಲಿಂಗನನ್ನು ಕೇಳಿದ. ಅವನು ರಸ್ತೆಯ ಆಚೆಯಿಂದಲೇ ಕೈ ಆಡಿಸಿದ. "ನಾ ನೋಡಿಲ್ರೀ. ನಾ ಆಗ್ಲೇ ರೋಡ್ ದಾಟಿದ್ದೆ."

ಬೀಗ ಬಿತ್ತು. ಊರೆಲ್ಲ ನನ್ನ ಹೆಸರು. ಕೃಷ್ಣ ಮುಖ ಕೊಟ್ಟು ಮಾತಾಡಲಿಲ್ಲ. ಮರುದಿನ ಮಹಾಲಕ್ಷ್ಮಿ ಒಂದು ದಾರಿ ಬಿಟ್ಟಳು: ವೆಂಕಟರಮಣಣ್ಣ ದಿನಾ ಬೆಳಿಗ್ಗೆ ಅಂಗಳದಾಚೆ ಹೊಂಗೆ ಮರದ ಕೆಳಗೆ, ಎಲ್ಲರಿಗೂ ಕಾಣುವ ಹಾಗೆ ಕೂರಲಿ, ಒಂದು ವಾರ ಕೆಮ್ಮು ಜ್ವರ ಎರಡೂ ಬರದಿದ್ದರೆ ಬೀಗ ತೆಗೆಯೋಣ.

ಹೀಗೆ ಜಿಮ್ಮು ನನ್ನ ಎದೆಯ ಮೇಲೆ ನಿಂತಿತು. ಬೆಳಿಗ್ಗೆ ಪಾಳಿ ಬದಲಿಸಿಕೊಂಡು ಬಂದು ಕೂರುತ್ತಿದ್ದೆ. ಮರಳು ಲಾರಿಗಳು ಹೋದಾಗ ಏಳುವ ಧೂಳಿನಲ್ಲಿ ನನ್ನನ್ನು ಕೈಯಿಂದ ತಡವಿ ಹುಡುಕಬೇಕಿತ್ತು. ಆದರೂ ಕೆಮ್ಮಲಿಲ್ಲ. ಬಸಲಿಂಗ ಕೆಲಸಕ್ಕೆ ಹೋಗುವ ಮುಂಚೆ ದಿನಾ ಬಂದು ದೂರದಿಂದ ವಿಚಾರಿಸುತ್ತಿದ್ದ.

"ಬಂತೇನ್ರೀ ಅಣ್ಣಾ?"

"ಏನು?"

"ಕೆಮ್ಮು."

"ಹೋಗೋ ಸುಮ್ನೆ. ಕೇಳಿ ಕೇಳಿ ನೀನೇ ಬರಿಸ್ತೀಯ."

ಕೊನೆಯ ಬೆಳಿಗ್ಗೆ ಅಂಗಳದಲ್ಲಿ ಪಾಪಯ್ಯನವರೂ ಕೃಷ್ಣನೂ ಬೀಗದ ಕೈ ಹಿಡಿದು ಕಾಯುತ್ತಿದ್ದರು. ಬಸಲಿಂಗನೂ ಇದ್ದ. ಒಳಗೆ ಮಹಾಲಕ್ಷ್ಮಿ ಸಾರಿನ ಪುಡಿಗೆ ಒಣಮೆಣಸಿನಕಾಯಿ ಹುರಿಯುತ್ತಿದ್ದಳು. ಇಷ್ಟು ವರ್ಷ ಆ ಘಾಟು ಕಿಟಕಿಯಿಂದ ಕೊಟ್ಟಿಗೆಗೆ ಬಂದು ಚದುರಿಹೋಗುತ್ತಿತ್ತು. ಈಗ ಕಿಟಕಿ ಮುಚ್ಚಿತ್ತು. ಅಡುಗೆಕೋಣೆಯಲ್ಲಿ ನಿಲ್ಲಲಾಗದೆ ಅವಳು ಸೆರಗು ಮುಚ್ಚಿಕೊಂಡು ಕಿಟಕಿಯನ್ನು ತಳ್ಳಿಬಿಟ್ಟಳು.

ಘಾಟು ಒಂದೇ ಸಲಕ್ಕೆ ಕೊಟ್ಟಿಗೆ ದಾಟಿ ಅಂಗಳಕ್ಕೆ ನುಗ್ಗಿತು. ಪಾಪಯ್ಯನವರು ಕೆಮ್ಮಿದರು. ಕೃಷ್ಣ ಬೀಗದ ಕೈ ಕೆಳಗೆ ಹಾಕಿ ಕೆಮ್ಮಿದ. ಬಸಲಿಂಗ ಬಗ್ಗಿ ಮೊಣಕಾಲು ಹಿಡಿದುಕೊಂಡು ಕೆಮ್ಮಿದ. ಮಾರತ್ತಹಳ್ಳಿಯವರೆಗೂ ಬಸ್ಸುಗಳು ನಿಂತು ಕೆಮ್ಮಿದವು. ಎಲ್ಲರಿಗಿಂತ ಜೋರಾಗಿ ಕೆಮ್ಮಿದವಳು ಕಿಟಕಿಯಲ್ಲಿದ್ದ ಮಹಾಲಕ್ಷ್ಮಿ.

ನಾನು ಕೆಮ್ಮಲಿಲ್ಲ. ತುಟಿ ಬಿಗಿದು ಕೂತೆ. ಕಣ್ಣಿನಿಂದ ಬಂದ ನೀರಿಗೆ ಹೊಂಗೆ ಮರ ಆ ವರ್ಷ ಎರಡನೆಯ ಸಲ ಹೂ ಬಿಟ್ಟಿತು.

"ಏನಮ್ಮಯ್ಯ," ಅಂದರು ಪಾಪಯ್ಯನವರು ಉಸಿರು ಸಿಕ್ಕಿದ ಮೇಲೆ. "ನೀನೇ ಕೆಮ್ತಾ ಇದ್ದೀಯ. ಮನೆಗೂ ಬೀಗ ಹಾಕ್ಬುಡನಾ?"

ಅವಳಿಗೆ ನಗುವೂ ಕೆಮ್ಮೂ ಒಟ್ಟಿಗೆ ಬಂದವು. ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಕಡೆ ನೋಡಿದಳು.

"ಬಿಡಿ ಮಾವ. ಕೆಮ್ಮಿಗೆ ಹೆದರ್ಕೊಂಡು ಕೂತ್ರೆ ಒಬ್ರೂ ಉಳಿಯಲ್ಲ. ಬಾಗಿಲಲ್ಲೇ ಜ್ವರ ನೋಡಿ ಒಳಗೆ ಬಿಡಿ. ಮೈ ಸರಿ ಇಲ್ದೋರು ಮನೇಲಿರ್ಲಿ. ಆಮೇಲೆ, ಯಾರನ್ನೂ ಒಂಟಿಯಾಗಿ ರಾಡ್ ಕೆಳಗೆ ಬಿಡ್ಬೇಡಿ. ಮುಖದ ಹತ್ರ ಬೇಡ, ಈ ತುದಿಗೊಬ್ರು ಆ ತುದಿಗೊಬ್ರು ನಿಂತ್ಕೊಳ್ಲಿ."

ಹೇಳಿ, ಕಿಟಕಿ ಮುಚ್ಚಿಕೊಂಡಳು.

ಕೃಷ್ಣ ಥರ್ಮಾಮೀಟರ್ ತಂದ. ಮೊದಲು ನನ್ನ ಕಂಕುಳಿಗೇ ಇಟ್ಟ. ತೋಳಿನ ದಪ್ಪದಲ್ಲಿ ಅದು ಸ್ವಲ್ಪ ಹೊತ್ತು ಸಿಗಲೇ ಇಲ್ಲ. ಸಿಕ್ಕಾಗ ಜ್ವರ ಇರಲಿಲ್ಲ. ಅದು ತಿಳಿದ ಮೇಲೆ ಓಡಿದವರೆಲ್ಲ ಒಬ್ಬೊಬ್ಬರಾಗಿ ಬಂದರು, ಡಂಬೆಲ್ಲಿನವನೂ ಬಂದ.

ದೀಪಾವಳಿ ಕಳೆದು ಮಹಾಲಕ್ಷ್ಮಿಗೆ ಹೆಣ್ಣು ಮಗು ಹುಟ್ಟಿತು. ಅಲ್ಲಿಯವರೆಗೆ ಆ ಮನೆಯಲ್ಲಿ ಯಾರ ಮೈಯೂ ಬಿಸಿಯಾಗಲಿಲ್ಲ. ಬಾಣಂತನ ಮುಗಿದ ಮೇಲೆ ಒಂದು ಸಂಜೆ ಕಿಟಕಿ ತೆರೆಯಿತು. ಅವಳು ಮಗುವನ್ನು ಎತ್ತಿಕೊಂಡು ನಿಂತಿದ್ದಳು. ನಾನು ಬೆಂಚಿನ ಮೇಲಿದ್ದೆ, ಈ ತುದಿಗೆ ಬಸಲಿಂಗ, ಆ ತುದಿಗೆ ಕೃಷ್ಣ. ಮಗು ಮೊದಲ ಸಲ ನೋಡುತ್ತಿದೆ, ಹೆದರಬಾರದು ಎಂದು ಪ್ಲೇಟುಗಳನ್ನೆಲ್ಲ ತೆಗೆಸಿದ್ದೆ.

"ಖಾಲಿ ರಾಡೂ ಅಲ್ಲಾಡ್ತೈತಲ್ಲೋ ಯಂಕ್ಟರಮಣ," ಅಂದರು ಪಾಪಯ್ಯನವರು.

ಅಲ್ಲಾಡುತ್ತಿದ್ದದ್ದು ಮಹದೇವಪುರ. ರಾಡು ನೆಟ್ಟಗೇ ಇತ್ತು.